ಫೇಲಾದ ಮೇಲೂ ನರ್ಸಿಂಗ್ ಓದು ಉಂಟು
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ರಿಸಲ್ಟು ಬಂದ ವಾರ ನಮ್ಮ ಹಾಸ್ಟೆಲುಗಳಲ್ಲಿ ಏನಾಗುತ್ತದೆಂದು ನಿಮಗೆಲ್ಲ ಗೊತ್ತು. ಫೇಲಾದವರು ಯಾರಿಗೂ ಹೇಳದೆ ಬೆಳಗಿನ ಬಸ್ಸು ಹತ್ತಿ ಊರಿಗೆ ಹೋಗಿಬಿಡ್ತಾರೆ. ಹೆಣ್ಣುಮಕ್ಕಳಾದರೆ ಮುಂದಿನ ಬೇಸಿಗೆಯೊಳಗೆ ಮದುವೆ. ಗಂಡುಮಕ್ಕಳಾದರೆ ಗಾರೆ ಕೆಲಸ, ಇಲ್ಲವೆ ಸೆಕ್ಯೂರಿಟಿ ಕೆಲಸ. ವಾರ್ಡಿನಲ್ಲಿ ನಿಂತು ಕಲಿತದ್ದೆಲ್ಲ ಅಲ್ಲಿಗೆ ಮಣ್ಣುಪಾಲು. ಇದನ್ನು ತಡೆಯೋದು ಹೇಗೆ ಅನ್ನುವುದೇ ಇವತ್ತಿನ ಮಾತು.

ಕೀವು ಒರೆಸುವುದು, ಹೊಲಸು ತೊಳೆಯುವುದು, ಬಾಣಂತಿಯ ಬಟ್ಟೆ ಒಗೆಯುವುದು, ಇವನ್ನೆಲ್ಲ ಮೈಲಿಗೆ ಎಂದು ಹೇಳಿ ನಮ್ಮ ಕೇರಿಗಳ ಮೇಲೆ ಹೊರಿಸಿದ ಸಮಾಜ ಇದು. ಅದಕ್ಕೆ ಸರಿಯಾದ ಕೂಲಿಯೂ ಇರಲಿಲ್ಲ, ಹೆಸರೂ ಇರಲಿಲ್ಲ. ಆ ಆರೈಕೆಗೇ ಪುಸ್ತಕ, ಪರೀಕ್ಷೆ, ರಿಜಿಸ್ಟ್ರೇಷನ್, ಸಂಬಳ ಬಂದಾಗ ಬಾಗಿಲಲ್ಲಿ ಇಂಗ್ಲಿಷು ಕಾವಲಿಗೆ ನಿಂತಿದೆ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಹುಡುಗಿ ರೋಗಿಯ ನಾಡಿ ಹಿಡಿದು ಸರಿಯಾಗಿ ಎಣಿಸ್ತಾಳೆ. ಅದನ್ನೇ ಉತ್ತರಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಬರೆ ಅಂದರೆ ಕೈ ನಿಂತುಹೋಗುತ್ತದೆ. ಇದು ಬುದ್ಧಿಯ ಕೊರತೆಯಲ್ಲ.

ಹಾಗಂತ ಸುಮ್ಮನೆ ಪಾಸು ಮಾಡಿಬಿಡಿ ಅಂತ ನಾವು ಯಾರನ್ನೂ ಕೇಳೋದಿಲ್ಲ. ಮದ್ದಿನ ಲೆಕ್ಕ ತಪ್ಪಿದರೆ ರೋಗಿಯ ಪ್ರಾಣ ಹೋಗುತ್ತದೆ. ಜನರಲ್ ವಾರ್ಡಿನಲ್ಲಿ ಮಲಗುವ ಆ ರೋಗಿ ನಮ್ಮವ್ವನೇ ಆಗಿರಬಹುದು. ನಾವು ಕೇಳುವುದು ಕಲಿಯುವುದಕ್ಕೆ ಇನ್ನೊಂದು ಅವಕಾಶ, ಅಷ್ಟೇ.

ಮೊದಲು ಫೇಲು ಅನ್ನೋ ಮಾತನ್ನು ಬಿಡಿಸಿ ನೋಡಿ. ಪೇಪರು ಹೋಗಿದೆಯೋ, ಹಾಜರಿ ಸಾಲದೆ ಪರೀಕ್ಷೆಗೆ ಕೂರಿಸಲಿಲ್ಲವೋ, ಫೀಜು ಕಟ್ಟದೆ ಹೆಸರು ಹೊಡೆದಿದ್ದಾರೋ? ಮೂರೂ ಬೇರೆ ಬೇರೆ, ಮೂರಕ್ಕೂ ಮದ್ದು ಬೇರೆ. 2021ರ ನಿಯಮದಂತೆ ಬಿ.ಎಸ್ಸಿ. ನರ್ಸಿಂಗಿಗೆ ಎಂಟು ಸೆಮಿಸ್ಟರು. ನರ್ಸಿಂಗ್ ವಿಷಯಗಳಲ್ಲಿ ಪಾಸಾಗಲು ನೂರಕ್ಕೆ 50 ಬೇಕು. ಪರೀಕ್ಷೆಗೆ ಕೂರಲು ನೂರಕ್ಕೆ 80 ಹಾಜರಿ ಬೇಕು. ಪದವಿ ಕೈಗೆ ಬರುವ ಮುಂಚೆ ವಾರ್ಡಿನ ಕೆಲಸದ ಹಾಜರಿ ನೂರಕ್ಕೆ ನೂರು ತುಂಬಿರಬೇಕು. ಹಿಂದಿನ ಪೇಪರು ಬಾಕಿ ಇದ್ದರೂ ಮುಂದಿನ ಸೆಮಿಸ್ಟರಿನ ಪಾಠಕ್ಕೆ ಕೂರಬಹುದು. ಆದರೆ ಐದನೇ ಸೆಮಿಸ್ಟರಿನ ಪರೀಕ್ಷೆಗೆ ಮುಂಚೆ ಹಿಂದಿನದನ್ನೆಲ್ಲ ಮುಗಿಸಿರಬೇಕು. ಎರಡು ಪೇಪರು ಹೋದ ಕೂಡಲೇ ಕಾಲೇಜೇ ಮುಗಿಯಿತು ಅಂದುಕೊಳ್ಳುವವರು ಇದನ್ನು ತಿಳಿದಿರಬೇಕು. ಕೋರ್ಸು ಮುಗಿಸಲು ಗರಿಷ್ಠ ಅವಧಿಯೂ ಇದೆ. ನಿಮ್ಮ ಬ್ಯಾಚಿಗೆ ಅದು ಎಷ್ಟು ವರ್ಷ ಅಂತ ಕಾಲೇಜಿಗೆ ಅರ್ಜಿ ಕೊಟ್ಟು ಬರವಣಿಗೆಯಲ್ಲೇ ಉತ್ತರ ಪಡೆಯಿರಿ. ಬಾಯಿಮಾತು ನಂಬಬೇಡಿ.

ಆ ಕೋರ್ಸಿನ ಬಾಗಿಲು ನಿಜವಾಗಿಯೂ ಮುಚ್ಚಿತು ಅನ್ನಿ. ಆಗ ಜಿಎನ್‌ಎಂ ಇದೆ, 3 ವರ್ಷ. ಸೇರಲು ಪಿಯುಸಿಯಲ್ಲಿ ನೂರಕ್ಕೆ 40 ಇದ್ದು ಇಂಗ್ಲಿಷಿನಲ್ಲಿ ಪಾಸಾಗಿರಬೇಕು. ಆರ್ಟ್ಸ್ ಓದಿದವರಿಗೂ ಅವಕಾಶ ಉಂಟು. ವಯಸ್ಸು 17ರಿಂದ 35. ಜಿಎನ್‌ಎಂ ಮುಗಿಸಿ ರಿಜಿಸ್ಟರ್ ಆದವರಿಗೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇದೆ. ಲೆಕ್ಕ ಹಾಕಿ: ಮೂರೂ ಎರಡೂ ಐದು. ನೇರ ಪದವಿಗೆ ನಾಲ್ಕು ವರ್ಷ. ಒಂದೇ ವರ್ಷದ ದೂರ! ಅದಕ್ಕೂ ಕಷ್ಟವಾದರೆ ಹೆಣ್ಣುಮಕ್ಕಳಿಗೆ 2 ವರ್ಷದ ಎಎನ್‌ಎಂ ಇದೆ. ಅದನ್ನು ಪಾಸಾಗಿ ರಿಜಿಸ್ಟರ್ ಆದವರು ಜಿಎನ್‌ಎಂಗೆ ಸೇರಬಹುದು. ಒಂದೊಂದೇ ಮೆಟ್ಟಿಲು ಹತ್ತುವುದರಲ್ಲಿ ಅವಮಾನವೇನೂ ಇಲ್ಲ.

ಆದರೆ ಒಂದು ಎಚ್ಚರಿಕೆ. ಫೇಲಾದವರ ಮನೆ ಹುಡುಕಿಕೊಂಡು ದಲ್ಲಾಳಿಗಳು ಬರ್ತಾರೆ. ದುಡ್ಡು ಕೊಟ್ಟರೆ ಬೇರೆ ರಾಜ್ಯದ ಸರ್ಟಿಫಿಕೇಟು ತರಿಸಿಕೊಡ್ತೀವಿ ಅಂತಾರೆ. ಆರು ತಿಂಗಳ ಕೋರ್ಸು ಮಾಡಿದರೆ ನರ್ಸ್ ಆಗ್ತೀಯ ಅಂತಾರೆ. ಆ ಆರು ತಿಂಗಳ ಕೋರ್ಸಿನಿಂದ ನರ್ಸಿಂಗ್ ಕೌನ್ಸಿಲಿನಲ್ಲಿ ರಿಜಿಸ್ಟರ್ ಆಗಲು ಬರುವುದಿಲ್ಲ. ಅವ್ವನ ಓಲೆ ಅಡವಿಟ್ಟು ಅಂಥವರ ಕೈಗೆ ದುಡ್ಡು ಹಾಕಬೇಡಿ. ಹಾಗೆಯೇ, ಬಿಟ್ಟುಹೋಗುವ ವಿದ್ಯಾರ್ಥಿಯ ಮೂಲ ಅಂಕಪಟ್ಟಿಗಳನ್ನು ಕಾಲೇಜು ಒತ್ತೆ ಇಟ್ಟುಕೊಳ್ಳುವ ಹಾಗಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ ಇದನ್ನು 2018ರಲ್ಲಿ ವಿಶ್ವವಿದ್ಯಾಲಯಗಳಿಗೂ ಅವುಗಳಿಗೆ ಸೇರಿದ ಕಾಲೇಜುಗಳಿಗೂ ಸ್ಪಷ್ಟವಾಗಿ ತಿಳಿಸಿದೆ. ಒಬ್ಬರೇ ಹೋಗಿ ಕೇಳಿದರೆ ಗದರಿಸ್ತಾರೆ. ಹತ್ತು ಜನ ಹೋಗೋಣ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯೋಣ.

ಇನ್ನು ಓದಿನ ಮಾತು. ಇಂಗ್ಲಿಷ್ ಪದಗಳನ್ನು ಇಡಿಯಾಗಿ ಉರು ಹೊಡೆಯಬೇಡಿ, ಒಡೆದು ಓದಿ. ಐಟಿಸ್ ಅಂದರೆ ಉರಿಯೂತ. ಗ್ಯಾಸ್ಟ್ರೋ ಅಂದರೆ ಜಠರ, ನೆಫ್ರೋ ಅಂದರೆ ಮೂತ್ರಪಿಂಡ, ಹೆಪಾಟೋ ಅಂದರೆ ಲಿವರ್. ಗ್ಯಾಸ್ಟ್ರೈಟಿಸ್, ನೆಫ್ರೈಟಿಸ್, ಹೆಪಟೈಟಿಸ್, ಮೂರೂ ಬಂದವಲ್ಲ! ಹೈಪರ್ ಅಂದರೆ ಹೆಚ್ಚು, ಹೈಪೋ ಅಂದರೆ ಕಡಿಮೆ. ಇಂಥ ಐವತ್ತು ತುಂಡುಗಳನ್ನು ಕಲಿತರೆ ನೂರಾರು ಪದ ತಾವಾಗಿ ಬಿಚ್ಚಿಕೊಳ್ಳುತ್ತವೆ. ಮದ್ದಿನ ಲೆಕ್ಕವೂ ಹೀಗೇ. 5 ಎಂ.ಎಲ್. ಸಿರಪ್ಪಿನಲ್ಲಿ 125 ಮಿ.ಗ್ರಾಂ. ಇದ್ದರೆ 250 ಮಿ.ಗ್ರಾಂ.ಗೆ ಎಷ್ಟು ಕೊಡಬೇಕು? 10 ಎಂ.ಎಲ್. ಅರ್ಧ ದಿನದ ಕೂಲಿ ಹೇಳಿದರೆ ಪೂರ್ತಿ ದಿನದ್ದನ್ನು ಬಾಯಲ್ಲೇ ಹೇಳುವ ಮಕ್ಕಳು ನಾವು. ಈ ಲೆಕ್ಕ ನಮಗೆ ಬಾರದೆ ಇರುತ್ತದೆಯೆ?

1897ರಲ್ಲಿ ಪುಣೆಗೆ ಪ್ಲೇಗು ಬಂದಾಗ ಸಾವಿತ್ರಿಬಾಯಿ ಫುಲೆಯವರು ರೋಗಿಗಳ ಆರೈಕೆ ಮಾಡುತ್ತಲೇ ಅದೇ ರೋಗ ತಗುಲಿ ತೀರಿಕೊಂಡರು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ ಕೈಯೇ ರೋಗಿಯನ್ನೂ ಎತ್ತಿತು. ಓದು ಒಂದು ಕಡೆ, ಆರೈಕೆ ಒಂದು ಕಡೆ ಅಂತ ಅವರು ಬೇರೆ ಮಾಡಲಿಲ್ಲ.

ಈ ಸಭೆಯಿಂದ ನಾವು ನಾಲ್ಕು ಕೆಲಸ ಹಿಡಿಯೋಣ. ಒಂದು, ಪಾಸಾದ ಪ್ರತಿಯೊಬ್ಬರೂ ಫೇಲಾದ ಒಬ್ಬರನ್ನು ಜೊತೆಗೆ ಕೂರಿಸಿಕೊಂಡು ಓದಿಸುವುದು. ಎರಡು, ಮೇಲಿನ ತರಗತಿಯವರ ಪುಸ್ತಕ, ನೋಟ್ಸು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಾಸ್ಟೆಲಿನ ಒಂದು ಬೀರುವಿನಲ್ಲಿ ಸೇರಿಸಿಡುವುದು. ಮೂರು, ಪೇಪರು ಬಾಕಿ ಇರುವ ವರ್ಷದಲ್ಲೂ ಹಾಸ್ಟೆಲ್ ಸೀಟು ಉಳಿಸಬೇಕು, ಮೊದಲ ವರ್ಷದಲ್ಲೇ ಇಂಗ್ಲಿಷ್ ತರಗತಿ ನಡೆಸಬೇಕು ಎಂದು ಸಮಾಜ ಕಲ್ಯಾಣ ಇಲಾಖೆಗೆ ಎಲ್ಲ ಹಾಸ್ಟೆಲುಗಳ ಸಹಿಯೊಂದಿಗೆ ಮನವಿ ಕೊಡುವುದು. ನಾಲ್ಕು, ಈಗಾಗಲೇ ಊರಿಗೆ ಹೋದವರ ಪಟ್ಟಿ ಮಾಡಿ, ಇಬ್ಬಿಬ್ಬರಾಗಿ ಅವರ ಮನೆಗೆ ಹೋಗಿ ಅಪ್ಪ ಅವ್ವಂದಿರ ಹತ್ತಿರ ಕೂತು ಈ ದಾರಿಗಳನ್ನೆಲ್ಲ ಹೇಳುವುದು.

ಪಟ್ಟಿ ಬರೆಯುವ ಕೆಲಸ ಇವತ್ತೇ, ಊಟಕ್ಕೆ ಏಳುವ ಮುಂಚೆಯೇ ಆಗಲಿ.

ಜೈಭೀಮ್.