ಗೆರೆ ದಾಟಿದ ಚೆಂಡು

(ಕೋಡ್ಲಾದಲ್ಲಿ ಊರ ಯುವಕರ ಮುಂದೆ ಮಾಡಿದ ಭಾಷಣದ ಪಠ್ಯ)



ಜಾತ್ರೆಯ ಕಬಡ್ಡಿಯಲ್ಲಿ ಜಗಳ ಯಾವಾಗ ಶುರುವಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆಟ ಬಿರುಸಾಗುವ ಹೊತ್ತಿಗೆ ಗೆರೆ ಅರ್ಧ ಅಳಿಸಿರುತ್ತದೆ. ಕಾಲು ಆಚೆ ಬಿತ್ತು ಎಂದು ಒಂದು ಕಡೆಯವರು, ಬೀಳಲಿಲ್ಲ ಎಂದು ಇನ್ನೊಂದು ಕಡೆಯವರು. ನೆಲದಡಿಯೆಲ್ಲ ಸುಣ್ಣದ ಕಲ್ಲೇ ಇರುವ ನಮ್ಮ ಸೇಡಂ ಸೀಮೆಯಲ್ಲೂ ಅಂಗಳದ ಗೆರೆಗೆ ಸುಣ್ಣ ಸಾಲುವುದಿಲ್ಲ! ಇವತ್ತು ನಾನು ಹೇಳಹೊರಟಿರುವುದೂ ಒಂದು ಗೆರೆಯ ಜಗಳವೇ. ಆದರೆ ಅಲ್ಲಿ ಗೆರೆ ಅಳಿಸಿರಲಿಲ್ಲ.

2024ರ ಜೂನ್ 11, ಕತಾರ್‌ನ ದೋಹಾ. ವಿಶ್ವಕಪ್ ಫುಟ್‌ಬಾಲ್ ಅರ್ಹತಾ ಸುತ್ತಿನಲ್ಲಿ ಭಾರತಕ್ಕೆ ಅದು ಕೊನೆಯ ಪಂದ್ಯ. ಐದು ದಿನದ ಹಿಂದಷ್ಟೇ ಸುನಿಲ್ ಛೆಟ್ರಿ ಕೋಲ್ಕತ್ತಾದಲ್ಲಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದ್ದರು. ನಾಯಕತ್ವ ಗೋಲಿ ಗುರ್‌ಪ್ರೀತ್ ಸಿಂಗ್ ಸಂಧು ಅವರದಾಗಿತ್ತು. ಕತಾರ್ ಆಗಲೇ ಮುಂದಿನ ಸುತ್ತಿಗೆ ಹೋಗಿದ್ದರಿಂದ ಎಳೆಯ ಆಟಗಾರರನ್ನೇ ಹೆಚ್ಚಾಗಿ ಇಳಿಸಿತ್ತು. 37ನೆಯ ನಿಮಿಷದಲ್ಲಿ ಮಿಜೋರಾಂನ ಲಾಲಿಯಾನ್‌ಜುವಾಲಾ ಛಾಂಗ್ಟೆ ಗೋಲು ಹೊಡೆದರು. ಅದನ್ನು ಉಳಿಸಿಕೊಂಡು ಗೆದ್ದಿದ್ದರೆ ಭಾರತ ಮೊದಲ ಬಾರಿಗೆ ಏಷ್ಯಾದ ಮೂರನೆಯ ಸುತ್ತಿಗೆ, ಅಂದರೆ ಕೊನೆಯ 18 ತಂಡಗಳ ಸಾಲಿಗೆ, ಸೇರುತ್ತಿತ್ತು.

73ನೆಯ ನಿಮಿಷ. ಕತಾರ್‌ಗೆ ಫ್ರೀ ಕಿಕ್. ಯೂಸುಫ್ ಐಮನ್ ತಲೆಯಿಂದ ಹೊಡೆದ ಚೆಂಡನ್ನು ಗುರ್‌ಪ್ರೀತ್ ತಡೆದರು. ಚೆಂಡು ಕಂಬದ ಪಕ್ಕದಿಂದ ಕೊನೆಗೆರೆಯ ಆಚೆ ಹೋಯಿತು. ಇನ್ನು ಕಾರ್ನರ್ ಎಂದುಕೊಂಡು ನಮ್ಮವರು ನಿಂತರು. ಅಷ್ಟರಲ್ಲಿ ಕತಾರ್‌ನ ಒಬ್ಬ ಆಟಗಾರ ಅದನ್ನು ಕಾಲಿನಿಂದ ಒಳಗೆಳೆದ. ಐಮನ್ ಬಲೆಗೆ ತಳ್ಳಿದರು. ದಕ್ಷಿಣ ಕೊರಿಯಾದ ರೆಫರಿ ಕಿಮ್ ವೂ-ಸಂಗ್ ಲೈನ್ಸ್‌ಮನ್ ಜೊತೆ ಮಾತಾಡಿ ಗೋಲು ಎಂದೇ ಸಾರಿದರು. ನಮ್ಮವರು ಮುತ್ತಿಕೊಂಡು ವಾದಿಸಿದರು, ಫಲವಾಗಲಿಲ್ಲ. ಎದೆಗುಂದಿದ ತಂಡದ ಮೇಲೆ 85ನೆಯ ನಿಮಿಷದಲ್ಲಿ ಇನ್ನೊಂದು ಗೋಲು ಬಿತ್ತು. 2–1.

ಈಗ ಕಾನೂನಿಗೆ ಬನ್ನಿ. ಚೆಂಡು ಗೆರೆಯನ್ನು ಮುಟ್ಟಿದರೆ ಸಾಲದು, ಮುಕ್ಕಾಲು ದಾಟಿದರೂ ಸಾಲದು. ಇಡೀ ಚೆಂಡು ಇಡೀ ಗೆರೆಯನ್ನು ದಾಟಿರಬೇಕು. ಚೆಂಡಿನ ಅಡ್ಡಳತೆ ಸುಮಾರು 22 ಸೆಂಟಿಮೀಟರ್. ಹಾಗಾಗಿ ನೆಲ ಮುಟ್ಟಿದ ಬಿಂದು ಗೆರೆಯಾಚೆ ಒಂದು ಗೇಣಿನ ಅರ್ಧದಷ್ಟು ದೂರವಿದ್ದರೂ ಚೆಂಡಿನ ಹೊಟ್ಟೆ ಗೆರೆಯ ಮೇಲೆಯೇ ಇರಬಹುದು. 2022ರ ವಿಶ್ವಕಪ್ಪಿನಲ್ಲಿ ಜಪಾನ್ ಸ್ಪೇನ್ ವಿರುದ್ಧ ಹೊಡೆದ ಗೋಲಿನ ಮುಂಚೆ ಚೆಂಡು ಒಳಗೆ ಉಳಿದದ್ದು ಎರಡು ಮಿಲಿಮೀಟರಿಗೂ ಕಡಿಮೆ ಅಂತರದಲ್ಲಿ. ಆ ಗೋಲಿನಿಂದ ಜಪಾನ್ ಗೆದ್ದಿತು, ಜರ್ಮನಿ ಮನೆಗೆ ಹೋಯಿತು. ಅಲ್ಲಿ ವೀಡಿಯೊ ರೆಫರಿ ಇದ್ದರು. ದೋಹಾದಲ್ಲಿ ಇರಲಿಲ್ಲ, ಏಷ್ಯಾದ ಎರಡನೆಯ ಸುತ್ತಿನಲ್ಲಿ ಆ ಏರ್ಪಾಡೇ ಇರಲಿಲ್ಲ. ಮೈದಾನದ ಅಗಲ 68 ಮೀಟರಾದರೆ ಮೂಲೆಯ ಬಾವುಟದಿಂದ ಗೋಲಿನ ಕಂಬಕ್ಕೆ 30 ಮೀಟರ್ ದೂರ. ನಡುವೆ ಹತ್ತಾರು ಕಾಲುಗಳು. ಟಿ.ವಿ.ಯಲ್ಲಿ ಮತ್ತೆ ಮತ್ತೆ ನೋಡಿದ ನಮಗೆ ಚೆಂಡು ಪೂರಾ ಆಚೆ ಹೋದದ್ದು ಸ್ಪಷ್ಟ. ರೆಫರಿಗೆ ಸಿಕ್ಕಿದ್ದು ಒಂದೇ ನೋಟ.

ಗೋಲಿನ ಬಳಿಕ ಆಟ ಮತ್ತೆ ಶುರುವಾದರೆ ರೆಫರಿಯೂ ತನ್ನ ತೀರ್ಪನ್ನು ತಿದ್ದುವಂತಿಲ್ಲ. ಗೋಲು ಆಯಿತೋ ಇಲ್ಲವೋ ಎಂಬುದರಲ್ಲಿ ಅವನ ಮಾತೇ ಕಡೆಯದು. ಭಾರತದ ಫೆಡರೇಶನ್ ದೂರು ಕೊಟ್ಟು ತನಿಖೆ ಕೇಳಿತು. ಫಲಿತಾಂಶ ಮಾತ್ರ ಕದಲಲಿಲ್ಲ. ಮೈದಾನದ ತೀರ್ಪನ್ನು ಮೇಜಿನ ಮೇಲೆ ತಿದ್ದಲು ಹೊರಟರೆ ಯಾವ ಪಂದ್ಯವೂ ಮುಗಿಯುವುದಿಲ್ಲ ಎಂಬುದು ಈ ನಿಯಮದ ಹಿಂದಿನ ತರ್ಕ. ತರ್ಕ ಸರಿಯೇ. ಆದರೆ ಒಂದು ಸುತ್ತಿಗೆ ಕ್ಯಾಮರಾ ಕೊಟ್ಟು ಅದರ ಹಿಂದಿನ ಸುತ್ತಿಗೆ ಕೊಡದಿರುವುದು ನ್ಯಾಯವಲ್ಲ ಎಂದು ನನ್ನ ಅಭಿಪ್ರಾಯ. ಬಡ ತಂಡಗಳು ಸೋತು ಹೊರಬೀಳುವುದು ಆ ಹಿಂದಿನ ಸುತ್ತುಗಳಲ್ಲೇ.

ಇಷ್ಟು ಹೇಳಿದ ಮೇಲೆ ನಮ್ಮದೇ ಬೆಂಗಳೂರಿನ ಇನ್ನೊಂದು ಸಂಗತಿಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಗೂ ಕೇರಳ ಬ್ಲಾಸ್ಟರ್ಸ್‌ಗೂ ಐಎಸ್‌ಎಲ್ ನಾಕೌಟ್ ಪಂದ್ಯ. ಹೆಚ್ಚುವರಿ ಅವಧಿಯಲ್ಲಿ ಕೇರಳದವರು ಇನ್ನೂ ಗೋಡೆ ಕಟ್ಟುತ್ತಿರುವಾಗಲೇ ಛೆಟ್ರಿ ಫ್ರೀ ಕಿಕ್ಕನ್ನು ಬಲೆಗೆ ಸೇರಿಸಿದರು. ಗೋಲು ಎಂದಾಯಿತು. ಸೀಟಿ ಊದದೆ ಹೊಡೆದರು ಎಂದು ಸಿಟ್ಟಾಗಿ ಕೇರಳದವರು ಮೈದಾನ ಬಿಟ್ಟೇ ಹೋದರು. ಆಮೇಲೆ ನಾಲ್ಕು ಕೋಟಿ ರೂಪಾಯಿ ದಂಡ ತೆತ್ತರು. ಆ ರಾತ್ರಿ ನಮ್ಮಲ್ಲಿ ಬಹಳ ಮಂದಿಗೆ ರೆಫರಿ ಹರಿಶ್ಚಂದ್ರನಾಗಿ ಕಂಡ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಬೇಗ ಹೊಡೆಯಲು ನಿಯಮದಲ್ಲಿ ಅವಕಾಶವಿದೆ, ಹೊರಗೆ ಹೋದ ಚೆಂಡನ್ನು ಒಳಗೆಳೆಯಲು ಇಲ್ಲ. ಆದರೆ ಸೀಟಿ ಕೇಳುವ ಮೊದಲೇ ನಿಂತ ತಪ್ಪು ಕಂಠೀರವದಲ್ಲಿ ಕೇರಳದವರದು, ದೋಹಾದಲ್ಲಿ ನಮ್ಮವರದು.

ಭಾರತದ ಫುಟ್‌ಬಾಲ್ ನಮಗೇನು ಸಂಬಂಧ ಎಂದು ಯಾರಾದರೂ ಕೇಳಬಹುದು. 1956ರ ನವೆಂಬರ್ 1ರವರೆಗೆ ಸೇಡಂ ಹೈದರಾಬಾದ್ ರಾಜ್ಯದಲ್ಲಿತ್ತು. ಅದಾಗಿ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಅದೇ ಹೈದರಾಬಾದಿನ ಕೋಚ್ ಎಸ್.ಎ. ರಹೀಂ ಅವರ ತಂಡ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿತು. ಕೊನೆಗೆ ನಾಲ್ಕನೆಯ ಸ್ಥಾನ ಪಡೆಯಿತು. ನಮ್ಮ ಅಜ್ಜಂದಿರ ಕಾಲದ ಆ ತಂಡವನ್ನು ನೆನೆದರೆ ಈಗಿನ ಸ್ಥಿತಿ ಸಂಕಟ ತರುತ್ತದೆ.

ರೆಫರಿಯೊಬ್ಬನನ್ನೇ ಬೈಯುವವರು ಆ ದಿನದ ಅಂಕಪಟ್ಟಿಯನ್ನೂ ನೋಡಬೇಕು. ಅದೇ ದಿನ ಕುವೈತ್ ಅಫ್ಘಾನಿಸ್ತಾನವನ್ನು 1–0ಯಿಂದ ಸೋಲಿಸಿ ಏಳು ಅಂಕ ಮುಟ್ಟಿತು. ಹೀಗಾಗಿ ದೋಹಾದ ಪಂದ್ಯ 1–1ರಲ್ಲಿ ನಿಂತಿದ್ದರೂ ಆರು ಅಂಕದ ಭಾರತ ಹೊರಗೇ ಉಳಿಯುತ್ತಿತ್ತು. ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ, ನಮ್ಮದೇ ಮಂದಿಯ ಮುಂದೆ, ಅಫ್ಘಾನಿಸ್ತಾನದ ಕೈಲಿ 1–2ರಿಂದ ಸೋತಾಗ ಯಾವ ರೆಫರಿ ಅಡ್ಡ ಬಂದಿದ್ದ?

ಮೂರನೆಯ ಸುತ್ತಿಗೆ ಹೋದವರಿಗೆ 2027ರ ಏಷ್ಯಾ ಕಪ್ಪಿನಲ್ಲಿ ನೇರ ಪ್ರವೇಶವಿತ್ತು. ಅದು ತಪ್ಪಿದ್ದರಿಂದ ಭಾರತ ಇನ್ನೊಂದು ಅರ್ಹತಾ ಸುತ್ತು ಆಡಬೇಕಾಯಿತು. 2025ರ ಅಕ್ಟೋಬರ್ 14ರಂದು ಗೋವಾದ ಮಡಗಾಂವ್‌ನಲ್ಲಿ ಸಿಂಗಪುರದ ಎದುರು ಮೊದಲ ಗೋಲು ಮತ್ತೆ ಛಾಂಗ್ಟೆಯದೇ. ಮತ್ತೆ ಅದೇ 1–2ರ ಸೋಲು, ಏಷ್ಯಾ ಕಪ್ಪೂ ಕೈಬಿಟ್ಟಿತು. ಆ ದಿನ ಗೆರೆಯ ತಕರಾರು ಇರಲಿಲ್ಲ.