ಆನ್‌ಲೈನ್ ಮಾರಾಟಕ್ಕೆ ತಡೆ ಬಂದಾಗ: ಸ್ವಸಹಾಯ ಸಂಘಗಳ ದಾಖಲೆ ರಕ್ಷಣೆ

(ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲೂಕುಗಳ ಗ್ರಾಮ ಪಂಚಾಯತಿ ಸದಸ್ಯರನ್ನು ಉದ್ದೇಶಿಸಿದ ಉಪನ್ಯಾಸದ ಪಠ್ಯ)



ಸಂಜೀವಿನಿ ಒಕ್ಕೂಟಗಳಡಿ ರೊಟ್ಟಿ, ಶೇಂಗಾ ಚಟ್ನಿ, ಕೌದಿ, ಸೀರೆ ಮುಂತಾದವನ್ನು ಸಿದ್ಧಪಡಿಸುವ ನಮ್ಮ ಮಹಿಳೆಯರು ಇಂದು ಸಂತೆಯೊಂದನ್ನೇ ನಂಬಿ ಕುಳಿತಿಲ್ಲ. ಮೊಬೈಲ್ ಮೂಲಕ ದೂರದ ಗ್ರಾಹಕರಿಂದ ಬೇಡಿಕೆ ಪಡೆಯುವವರೂ ಇದ್ದಾರೆ. ಬೀದಿಯ ಅಂಗಡಿಗೆ ಬೀಗ ಬಿದ್ದರೆ ಎಲ್ಲರಿಗೂ ಕಾಣುತ್ತದೆ. ಆನ್‌ಲೈನ್ ಅಂಗಡಿ ಮುಚ್ಚಿದ್ದು ಮಾಲೀಕರಿಗೇ ತಡವಾಗಿ ತಿಳಿಯುತ್ತದೆ.

2019ರ ಆಗಸ್ಟ್ ತಿಂಗಳನ್ನು ತಾವು ಮರೆತಿರಲಾರಿರಿ. ಮಲಪ್ರಭೆ ಉಕ್ಕಿ ಮುನವಳ್ಳಿಯೂ ರಾಮದುರ್ಗ ತಾಲೂಕಿನ ನದಿತೀರದ ಊರುಗಳೂ ಜಲಾವೃತವಾದವು. ಅನೇಕ ಮನೆಗಳಲ್ಲಿ ಕಾಗದಪತ್ರಗಳೂ ನೀರುಪಾಲಾದವು. ಅಂಥ ನೆರೆ ಮತ್ತೆ ಬಂದರೆ ನೇಕಾರ ಕುಟುಂಬದ ಮಗ್ಗದೊಡನೆ ಬೇಡಿಕೆಯ ಪಟ್ಟಿ, ಬಾಕಿಯ ಲೆಕ್ಕ, ಗ್ರಾಹಕರ ವಿಳಾಸಗಳೆಲ್ಲ ಅಡಗಿರುವ ಒಂದೇ ಫೋನ್ ಕೂಡ ಹೋಗಬಹುದು.

ಇದು ಬಡವರ ತೊಂದರೆ ಮಾತ್ರವಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರ ಸುಟ್ಟಿತು. ಮೂಲದ ಪ್ರತಿಯೂ ಬ್ಯಾಕಪ್ ಪ್ರತಿಯೂ ಒಂದೇ ಆವರಣದಲ್ಲಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನ ಸರ್ಕಾರಿ ಕೇಂದ್ರಕ್ಕೆ ಬೆಂಕಿ ಬಿದ್ದು 600ಕ್ಕೂ ಹೆಚ್ಚು ವ್ಯವಸ್ಥೆಗಳು ಸ್ಥಗಿತಗೊಂಡವು. ಸರ್ಕಾರಿ ನೌಕರರ 858 ಟೆರಾಬೈಟ್ ಕಡತಗಳಿಗೆ ಬೇರೆ ಪ್ರತಿಯೇ ಇರಲಿಲ್ಲ. ಗಾತ್ರ ದೊಡ್ಡದೆಂಬುದು ಅದಕ್ಕೆ ಕೊಟ್ಟ ಕಾರಣ. ನಮ್ಮ ಸಂಘಗಳ ಲೆಕ್ಕವಾದರೋ ಒಂದು ಪೆನ್‌ಡ್ರೈವ್‌ನ ಮೂಲೆಯಲ್ಲಿ ಕೂರುತ್ತದೆ. ಆ ನೆಪ ನಮಗಿಲ್ಲ.

ತಜ್ಞರ ನಿಯಮ ಸರಳವಾಗಿದೆ: ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಬೇರೆ ಸ್ಥಳದಲ್ಲಿರಬೇಕು. ಫೋನಿನಲ್ಲೊಂದು, ಗೂಗಲ್ ಡ್ರೈವ್‌ನಲ್ಲೊಂದು, ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಇಳಿಸಿ ಗ್ರಾಮ ಪಂಚಾಯತಿಯ ಕಪಾಟಿನಲ್ಲೊಂದು. ನದಿತೀರದ ಊರಾದರೆ ಆ ಕಪಾಟು ಎತ್ತರದಲ್ಲಿರಲಿ. ತಿಂಗಳಿಗೊಮ್ಮೆ ಅರಿವು ಕೇಂದ್ರದ ಗಣಕಯಂತ್ರದಲ್ಲಿ ಅದನ್ನು ತೆರೆದು ನೋಡತಕ್ಕದ್ದು. ತೆರೆಯದ ಪ್ರತಿ ಪ್ರತಿಯೇ ಅಲ್ಲ.

ಆದರೆ ಬೆಂಕಿ, ನೆರೆಗಳಿಗಿಂತ ನನಗೆ ಹೆಚ್ಚು ಆತಂಕ ತರುವ ಸಂಗತಿ ಬೇರೆ ಇದೆ. ಸಂಘದ ಮಾರಾಟದ ಖಾತೆ ಒಬ್ಬ ಸದಸ್ಯೆಯ ಸ್ವಂತ ಮೊಬೈಲ್ ಸಂಖ್ಯೆಗೆ ಜೋಡಿಸಿರುತ್ತದೆ. ಆಕೆ ಮದುವೆಯಾಗಿ ಹೋದರೆ, ಮನಸ್ತಾಪದಿಂದ ಹೊರನಡೆದರೆ, ಅಥವಾ ಸಿಮ್ ಬಂದಾದರೆ, ಒಟಿಪಿ ಬಾರದೆ ಅಂಗಡಿಯೇ ಕೈತಪ್ಪುತ್ತದೆ. ಇದಕ್ಕೆ ಯಂತ್ರದ ಪರಿಹಾರವಿಲ್ಲ. ಸಂಘದ ಹೆಸರಿನಲ್ಲೇ ಸಿಮ್ ಪಡೆಯಲು ಸಾಧ್ಯವೇ ಎಂದು ವಿಚಾರಿಸಬೇಕು. ಪ್ರವೇಶದ ವಿಧಾನ ಇಬ್ಬರಿಗಾದರೂ ತಿಳಿದಿರಬೇಕು. ಪದಾಧಿಕಾರಿಗಳು ಬದಲಾದ ದಿನವೇ ಪಾಸ್‌ವರ್ಡ್ ಬದಲಾಗಬೇಕು.

ಇನ್ನು ಮೊದಲೇ ತಿಳಿದಿರುವ ತಡೆಗಳು. ಹೆಸ್ಕಾಂ ವಿದ್ಯುತ್ ನಿಲುಗಡೆಯ ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಾಂತರ ಭಕ್ತರು ಬಂದಾಗ ಮೊಬೈಲ್ ಜಾಲದ ಮೇಲೆ ಒತ್ತಡ ಬೀಳುವುದು ಸಹಜ. ಕಿತ್ತೂರು ಉತ್ಸವದ ದಿನಗಳಲ್ಲಿ ಕೈಗಳೇ ಸಾಲವು. ಅಂಥ ದಿನಗಳಿಗೆ ಮಾರಾಟವನ್ನು ತಾತ್ಕಾಲಿಕವಾಗಿ ತಡೆಹಿಡಿಯುವ ಸೌಲಭ್ಯ ಅನೇಕ ಮಾರಾಟ ತಾಣಗಳಲ್ಲಿದೆ. ಬೇಡಿಕೆ ಸ್ವೀಕರಿಸಿ ಕಳುಹಿಸದಿದ್ದರೆ ಮಾರಾಟಗಾರರ ಶ್ರೇಯಾಂಕ ಕುಸಿಯುತ್ತದೆ. ಮುಂಚಿತವಾಗಿ ನಿಲ್ಲಿಸಿದರೆ ಆ ಹಾನಿ ತಪ್ಪುತ್ತದೆ.

ಹಣ ಪಾವತಿಯ ಮಾತೂ ಹಾಗೆಯೇ. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ವ್ಯತ್ಯಯಗೊಂಡಿತು. ಅಂತರ್ಜಾಲ ಮಾತ್ರ ಇಲ್ಲದಿದ್ದರೆ ಸಾಮಾನ್ಯ ಫೋನಿನಿಂದಲೂ *99# ಮೂಲಕ ಪಾವತಿ ಸಾಧ್ಯ. ಯುಪಿಐ ವ್ಯವಸ್ಥೆಯೇ ನಿಂತರೆ ಅದೂ ನಡೆಯದು. ಆಗ ಬ್ಯಾಂಕ್ ಖಾತೆಯ ವಿವರ ಅಥವಾ ನಗದು, ಮತ್ತು ಬರೆದಿಡಲು ಒಂದು ವಹಿ.

ಪಂಚಾಯತಿಯ ಕಪಾಟಿನಲ್ಲಿಡುವ ಪ್ರತಿಗೆ ಪಾಸ್‌ವರ್ಡ್ ಹಾಕಿರಬೇಕು. ಅದರಲ್ಲಿ ಗ್ರಾಹಕರ ವಿಳಾಸ, ದೂರವಾಣಿಗಳಿರುತ್ತವೆ; ಅವುಗಳ ರಕ್ಷಣೆಗಾಗಿ 2023ರಲ್ಲಿ ಕಾಯ್ದೆಯೇ ಬಂದಿದೆ. ಬೀಗದ ಕೈ ಯಾರ ಬಳಿ ಇರಬೇಕು, ಪ್ರತಿಯನ್ನು ಯಾರು ಪಡೆಯಬಹುದು ಎಂಬುದನ್ನು ಒಕ್ಕೂಟದವರೊಡನೆ ಚರ್ಚಿಸಿ, ಮುಂದಿನ ಸಾಮಾನ್ಯ ಸಭೆಯ ನಡಾವಳಿಯಲ್ಲಿ ದಾಖಲಿಸಬೇಕೆಂದು ಕೋರುತ್ತೇನೆ.