ಭಿನ್ನರಾಶಿ ಮಕ್ಕಳ ಕಣ್ಣಿಗೆ ಕಾಣಲಿ
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ನಾಲ್ಕನೆಯ ಒಂದು ದೊಡ್ಡದೋ, ಎಂಟನೆಯ ಒಂದು ದೊಡ್ಡದೋ? ಐದನೆಯ ತರಗತಿಯ ಮಕ್ಕಳನ್ನು ಕೇಳಿ ನೋಡಿ. ಎಂಟನೆಯ ಒಂದೇ ದೊಡ್ಡದೆನ್ನುವವರು ಖಂಡಿತ ಸಿಗುತ್ತಾರೆ. ನಾಲ್ಕಕ್ಕಿಂತ ಎಂಟು ದೊಡ್ಡದಲ್ಲವೇ ಎಂಬುದು ಅವರ ತರ್ಕ. ಕೂಡಲೇ ನಾವು ಅವರಿಗೆ ದಡ್ಡರೆಂಬ ಹಣೆಪಟ್ಟಿ ಹಚ್ಚುತ್ತೇವೆ. ವಾಸ್ತವದಲ್ಲಿ ಆ ಮಗು ಎಣಿಕೆಯಲ್ಲಿ ಕಲಿತ ನಿಯಮವನ್ನೇ ಇಲ್ಲಿಯೂ ಅನ್ವಯಿಸಿದೆ. ಭಾಗಗಳು ಹೆಚ್ಚಿದಷ್ಟೂ ಒಂದೊಂದು ಭಾಗವೂ ಕಿರಿದಾಗುವುದನ್ನು ಅದಕ್ಕೆ ನಾವು ತೋರಿಸಿಯೇ ಇಲ್ಲ.

ಇದು ನಮ್ಮೂರಿನ ಸಮಸ್ಯೆ ಮಾತ್ರವಲ್ಲ. 1978ರಲ್ಲಿ ಅಮೆರಿಕದ ರಾಷ್ಟ್ರೀಯ ಮೌಲ್ಯಮಾಪನದಲ್ಲಿ 13 ವರ್ಷದ ಮಕ್ಕಳಿಗೆ 12/13 ಮತ್ತು 7/8ರ ಮೊತ್ತವನ್ನು ಅಂದಾಜು ಮಾಡಲು ಹೇಳಲಾಯಿತು. ಎರಡೂ ಒಂದಕ್ಕೆ ಸಮೀಪವಾದ್ದರಿಂದ ಉತ್ತರ 2. ಹೀಗೆ ಉತ್ತರಿಸಿದವರು ಸುಮಾರು ನಾಲ್ಕನೆಯ ಒಂದು ಭಾಗ ಮಾತ್ರ. ಅರ್ಧಕ್ಕಿಂತ ಹೆಚ್ಚು ಮಂದಿ 19 ಅಥವಾ 21 ಎಂದರು. ಮೇಲಿನ ಅಂಕಿಗಳನ್ನೋ ಕೆಳಗಿನ ಅಂಕಿಗಳನ್ನೋ ಕೂಡಿಸಿಬಿಟ್ಟಿದ್ದರು.

ಹಾಗಾದರೆ ಪರಿಹಾರವೇನು? 12 ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿಗಳನ್ನು ಕತ್ತರಿಸಿ ಮಗುವಿನ ಕೈಗೆ ಕೊಡಿ. ಒಂದನ್ನು ಎರಡಾಗಿ, ಇನ್ನೊಂದನ್ನು ಮೂರಾಗಿ ಸಮನಾಗಿ ಮಡಚಲಿ. ಅರ್ಧವೆಂದರೆ 6 ಸೆಂಟಿಮೀಟರ್, ಮೂರನೆಯ ಒಂದೆಂದರೆ 4. ಎರಡನ್ನೂ ಒಂದರ ಪಕ್ಕ ಒಂದಿಟ್ಟರೆ 10, ಅಂದರೆ ಇಡೀ ಪಟ್ಟಿಯ 5/6. ಅಂಕಿಗಳನ್ನು ಸುಮ್ಮನೆ ಕೂಡಿಸಿ 2/5 ಎಂದು ಬರೆದ ಮಗು ಪಟ್ಟಿಯನ್ನು ನೋಡಿ ತಾನೇ ತಿದ್ದಿಕೊಳ್ಳುತ್ತದೆ. ಏಕೆಂದರೆ 2/5 ಅರ್ಧಕ್ಕಿಂತಲೂ ಕಡಿಮೆ. ಕೂಡಿಸಿದ ಮೇಲೆ ಮೊದಲಿದ್ದುದಕ್ಕಿಂತ ಕಡಿಮೆಯಾಗುವುದುಂಟೇ?

ರೊಟ್ಟಿಯ ಉದಾಹರಣೆ ಒಳ್ಳೆಯದೇ. ಆದರೆ ಅಲ್ಲಿಗೇ ನಿಲ್ಲಬಾರದು. ದುಂಡಗಿನ ರೊಟ್ಟಿಯನ್ನು ಐದು ಸಮಭಾಗ ಮಾಡುವುದು ಕಷ್ಟ. ದೊಡ್ಡ ರೊಟ್ಟಿಯ ಕಾಲು ಚಿಕ್ಕ ರೊಟ್ಟಿಯ ಅರ್ಧಕ್ಕೆ ಸಮನಾಗಬಹುದು. ಆದ್ದರಿಂದ ಹೋಲಿಸುವಾಗ ಇಡಿಯ ಅಳತೆ ಒಂದೇ ಆಗಿರಬೇಕು. ಪಟ್ಟಿಯ ಬಳಿಕ ಸಂಖ್ಯಾರೇಖೆ ಬರಲಿ. 5/4 ಎಂಬುದು ಒಂದನ್ನು ದಾಟಿ ನಿಲ್ಲುವ ಸಂಖ್ಯೆಯೆಂಬುದು ಅಲ್ಲಿ ತಿಳಿಯುತ್ತದೆ. ಸೂತ್ರಗಳು ಇವೆಲ್ಲದರ ನಂತರ ಬರಲಿ.

ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ತಾಯಂದಿರು, ಲೆಕ್ಕ ಕಲಿಸಲು ನಮ್ಮಿಂದಾಗದು ಎನ್ನುತ್ತಾರೆ. ಕಾಲು ಕಿಲೋ, ಮುಕ್ಕಾಲು ಲೀಟರ್, ಒಂದೂವರೆ ಸೇರು ಎಂದು ದಿನವೂ ಅಳೆಯುವವರು ಅವರೇ. ಛೇದವೆಂದರೆ ಎಷ್ಟು ತುಂಡು, ಅಂಶವೆಂದರೆ ಅದರಲ್ಲಿ ನಮಗೆಷ್ಟು. ಇಷ್ಟನ್ನು ಅಡುಗೆಮನೆಯಲ್ಲೇ ತೋರಿಸಬಹುದು.

ಪತಿ ಮರಣ ಹೊಂದಿದಾಗ, ಸಂತಾನವಿದ್ದರೆ ಪತ್ನಿಗೆ ಎಂಟನೆಯ ಒಂದು ಪಾಲು, ಇಲ್ಲದಿದ್ದರೆ ನಾಲ್ಕನೆಯ ಒಂದು ಪಾಲು ಎಂಬುದನ್ನು ನಾವೆಲ್ಲ ಬಲ್ಲೆವು. ಇವೆರಡರ ಅಂತರ ತಿಳಿಯದ ಹೆಣ್ಣುಮಗಳಿಗೆ ನಾಳೆ ಆಸ್ತಿ ಹಂಚುವವರು ಹೇಳಿದ್ದೇ ಲೆಕ್ಕವಾಗುತ್ತದೆ. ಆದುದರಿಂದ ಇಂದು ಮನೆಗೆ ಹೋದೊಡನೆ ಅಂಕಪಟ್ಟಿ ಕೇಳುವ ಬದಲು ಮಗುವಿನೊಂದಿಗೆ ಕುಳಿತು ಒಂದು ಕಾಗದ ಮಡಚೋಣ.